ಪೂನಕ ಎಂಬ ಹೆಸರಿನ ಜಾಡು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎರಡು ಬಗೆಯವರನ್ನು ನಾನು ಕಂಡಿದ್ದೇನೆ. ‘ಎಷ್ಟು ವರ್ಷ ಇದ್ದರೂ ನಾವಿಲ್ಲಿ ಹೊರಗಿನವರೇ’ ಎನ್ನುವವರು ಕೆಲವರು. ‘ಈ ಊರೇ ಒಂದು ಕಾಲಕ್ಕೆ ನಮ್ಮದಾಗಿತ್ತು’ ಎಂದು ಎದೆ ತಟ್ಟಿಕೊಳ್ಳುವವರು ಇನ್ನು ಕೆಲವರು. ಊರಿನ ಮೂಲವನ್ನು ಸ್ವಲ್ಪ ಕೆದಕಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ.

ಪುಣೆ ಎಂದೊಡನೆ ನೆನಪಾಗುವುದು ಪೇಶ್ವೆಗಳ ಶನಿವಾರವಾಡ. ಅದಕ್ಕೆ ಅಡಿಗಲ್ಲು ಬಿದ್ದದ್ದು 1730ರಲ್ಲಿ. ಊರಿನ ಹೆಸರು ಅದಕ್ಕಿಂತ ಹೆಚ್ಚುಕಡಿಮೆ ಸಾವಿರ ವರ್ಷ ಹಳೆಯದು. ಕ್ರಿ.ಶ. 768ರ ತಳೇಗಾಂವ್ ತಾಮ್ರಶಾಸನ ಈ ಸೀಮೆಯನ್ನು ‘ಪೂನಕ ವಿಷಯ’ ಎಂದು ಕರೆಯುತ್ತದೆ. ವಿಷಯ ಎಂದರೆ ಇಂದಿನ ಜಿಲ್ಲೆಯಂಥ ಆಡಳಿತ ವಿಭಾಗ. ಇಲ್ಲಿನ ಹಳ್ಳಿಯೊಂದನ್ನು ದಾನ ಕೊಟ್ಟವನು ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ. ಎಲ್ಲೋರದ ಕೈಲಾಸ ದೇಗುಲದ ಜೊತೆ ಹೆಸರು ಬೆಸೆದುಕೊಂಡಿರುವವನು ಇವನೇ.

ಸ್ವಾರಸ್ಯವಿರುವುದು ಆ ಶಾಸನ ಹೊರಟ ಜಾಗದಲ್ಲಿ. ಆಗ ಕೃಷ್ಣ ಗಂಗರ ಮೇಲೆ ದಂಡೆತ್ತಿ ಹೋಗಿ ಅವರ ಮಾನ್ಯಪುರದಲ್ಲಿ ಬೀಡುಬಿಟ್ಟಿದ್ದ. ಅದೇ ನೆಲಮಂಗಲ ತಾಲ್ಲೂಕಿನ ಈಗಿನ ಮಣ್ಣೆ. ಅಂದರೆ ಪುಣೆಯ ಹೆಸರಿರುವ ತೀರ ಹಳೆಯ ದಾಖಲೆಗಳಲ್ಲಿ ಒಂದು ಹೊರಟಿದ್ದು ಬೆಂಗಳೂರಿನ ಪಕ್ಕದಿಂದ. ಬೆಂಗಳೂರಿನ ಹೆಸರು ಕಾಣಿಸುವ ಬೇಗೂರಿನ ವೀರಗಲ್ಲಾದರೋ ಅದಾಗಿ ಸುಮಾರು 120 ವರ್ಷಗಳ ನಂತರದ್ದು.

ಹಾಗೆಂದು ಇದನ್ನು ನಮ್ಮ ಹಕ್ಕುಪತ್ರ ಮಾಡಿಕೊಳ್ಳುವಂತಿಲ್ಲ. ಶಾಸನದ ಭಾಷೆ ಸಂಸ್ಕೃತ. ಮೇಲಾಗಿ, ನಾವು ‘ನಮ್ಮವನು’ ಎನ್ನುವ ಆ ದೊರೆ ಅಂದು ಕನ್ನಡ ನೆಲದ ಮೇಲೆಯೇ ದಾಳಿ ಮಾಡಿ ಕೂತಿದ್ದ.

ನಮ್ಮ ಕಡೆಯಿಂದ ಬಂದವರೆಲ್ಲ ಊರು ಕಟ್ಟಿದವರೂ ಅಲ್ಲ. 1630ರ ಸುಮಾರಿಗೆ ಬಿಜಾಪುರದ ಆದಿಲ್‌ಶಾಹಿ ಸರದಾರ ಮುರಾರ ಜಗದೇವ ಪುಣೆಯನ್ನು ನೆಲಸಮ ಮಾಡಿದ. ಇನ್ನು ಇಲ್ಲಿ ಯಾರೂ ನೆಲೆಸಬಾರದೆಂದು ಕತ್ತೆಗಳಿಂದ ಉಳುಮೆ ಮಾಡಿಸಿದನಂತೆ. ಅದನ್ನು ಮತ್ತೆ ಊರಾಗಿಸಿದ್ದು ಜೀಜಾಬಾಯಿ, ದಾದೋಜಿ ಕೊಂಡದೇವ ಮತ್ತು ಬಾಲಕ ಶಿವಾಜಿ ಇಲ್ಲಿ ನೆಲೆಸಿದ ಮೇಲೆ. ಜಹಗೀರಿನ ಒಡೆಯ ಶಹಾಜಿ ಎಲ್ಲಿದ್ದ? ಬೆಂಗಳೂರಿನಲ್ಲಿ! ಅದೂ ಅವನಿಗೆ ಜಹಗೀರಾಗಿ ಬಂದಿತ್ತು. 1664ರಲ್ಲಿ ಅವನು ಕಣ್ಣುಮುಚ್ಚಿದ್ದೂ ಕರ್ನಾಟಕದಲ್ಲೇ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಅವನ ಸಮಾಧಿ ಇದೆ.

ನನಗೆ ಇದರಲ್ಲಿ ಕಾಣುವುದು ಒಂದು ದಾರಿ. ಇಂದು ನಾವು ಹಬ್ಬಕ್ಕೆ ಊರಿಗೆ ಹೋಗಲು ಸ್ಲೀಪರ್ ಬಸ್ಸು ಹತ್ತುವ ದಾರಿಯಲ್ಲಿ ಹನ್ನೆರಡು ಶತಮಾನಗಳಿಂದ ದಂಡು, ದಾನಪತ್ರ, ಜಹಗೀರು, ಹಾಡು ಎಲ್ಲವೂ ಎರಡೂ ಕಡೆಗೆ ಓಡಾಡಿವೆ. ಗದುಗಿನ ಕಡೆಯಿಂದ ಬಂದ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಪುಣೆಯಲ್ಲಿ ಬೆಳೆಸಿದ ಸಂಗೀತೋತ್ಸವವನ್ನು ಮರಾಠಿಗರು ತಮ್ಮ ಮನೆಯ ಹಬ್ಬದಂತೆ ಆಚರಿಸುತ್ತಾರೆ. ಅಲ್ಲಿ ‘ಹೊರಗಿನವರು’ ಯಾರು?

ಮಕ್ಕಳಿಗೆ ಇದನ್ನು ಹೇಳಲು ಒಂದು ಒಳ್ಳೆಯ ಜಾಗವಿದೆ. ಜಂಗಲಿ ಮಹಾರಾಜ ರಸ್ತೆಯ ಗದ್ದಲದ ಪಕ್ಕದಲ್ಲೇ ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹಾಲಯವಿದೆ. ಕಪ್ಪುಬಂಡೆಯನ್ನು ಕೊರೆದು ಮಾಡಿದ ಗುಡಿ, ಎದುರಿಗೆ ದುಂಡನೆಯ ನಂದಿಮಂಟಪ. ಕೆಲಸ ಅರ್ಧಕ್ಕೇ ನಿಂತಿದೆ. ಒಂದು ಭಾನುವಾರ ಹೋಗಿ ಬನ್ನಿ. ಅದು ನಮ್ಮದೋ ಅವರದೋ ಎಂದು ಮಕ್ಕಳು ಕೇಳಿದರೆ, ಊರು ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ, ನಾವೂ ಆ ಕೆಲಸದವರೇ ಎಂದು ಹೇಳಿ.