‘ಹುಬ್ಬಳ್ಳಿಗೆ ಒಯ್ರಿ’ ಅನ್ನೋ ಮೊದಲು

ಹಾವೇರಿ ಕಡೆಯವರಿಗೆ ‘ಹುಬ್ಬಳ್ಳಿಗೆ ಒಯ್ರಿ’ ಅನ್ನೋ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ರಾಣೆಬೆನ್ನೂರಿನವರಾದರೆ ‘ದಾವಣಗೆರೆಗೆ ಒಯ್ರಿ’. ಹೆದ್ದಾರಿ 48 ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಸುಗ್ಗಿಯಲ್ಲಿ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಗಾಡಿಗಳ ಸಾಲು. ಅಪಘಾತ ಇಲ್ಲಿ ಅಪರೂಪವಲ್ಲ. ನನ್ನ ತಕರಾರು ಕಳಿಸೋದರ ಬಗ್ಗೆ ಅಲ್ಲ, ಒಳಗೆ ಏನಾಗಿದೆ ಅಂತ ನೋಡದೇ ಕಳಿಸೋದರ ಬಗ್ಗೆ.

ಬೈಕಿನಿಂದ ಬಿದ್ದ ಹುಡುಗನ ಮೈಮೇಲೆ ಗಾಯವೇ ಕಾಣದಿರಬಹುದು. ಗುಲ್ಮ ಹರಿದು ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಹರೆಯದ ದೇಹ ಬಿಪಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತದೆ. ಆಮೇಲೆ ಒಮ್ಮೆಲೇ ಕುಸಿತ, ಅದೂ ನಡುದಾರಿಯಲ್ಲಿ. ಇದಕ್ಕೇ ಇರೋದು ‘ಫಾಸ್ಟ್’ ಪರೀಕ್ಷೆ: ಹೃದಯದ ಸುತ್ತ, ಯಕೃತ್ತಿನ ಬದಿ, ಗುಲ್ಮದ ಬದಿ, ಕಿಬ್ಬೊಟ್ಟೆ. ನಾಲ್ಕು ಕಡೆ ಪ್ರೋಬ್ ಇಟ್ಟು ರಕ್ತ ನಿಂತಿದೆಯಾ ನೋಡೋದು. ಪಳಗಿದ ಕೈಗೆ ಐದು ನಿಮಿಷ ಸಾಕು. ರಕ್ತ ಕಂಡರೆ ಮುಂದಿನ ಆಸ್ಪತ್ರೆಗೆ ಫೋನ್ ಹೋಗುತ್ತದೆ: ಸರ್ಜನ್ ಬರಲಿ, ರಕ್ತ ತೆಗೆದಿಡಿ ಅಂತ.

ಅಪಘಾತವೊಂದೇ ಅಲ್ಲ. ರಾತ್ರಿ ಏದುಸಿರು ಬಿಡುತ್ತಾ ಬಂದ ಅಜ್ಜನಿಗೆ ದಮ್ಮೋ, ಶ್ವಾಸಕೋಶದಲ್ಲಿ ನೀರೋ? ಎರಡಕ್ಕೂ ಎದೆ ಸುಯ್‌ಗುಡಬಹುದು, ಔಷಧ ಮಾತ್ರ ಬೇರೆ. ಬಿಪಿ ಇಳಿದಿದೆ ಅಂತ, ಸೋತ ಹೃದಯಕ್ಕೆ ಸಲೈನ್ ಸುರಿದರೆ ಉಸಿರು ಇನ್ನಷ್ಟು ಕಟ್ಟುತ್ತದೆ. ಇವನ್ನೆಲ್ಲ ಹಾಸಿಗೆ ಪಕ್ಕದಲ್ಲೇ ನೋಡಬಹುದು.

‘ಕಾನೂನು ಬಿಡೋದಿಲ್ಲರೀ’ ಅಂತಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಪ್ರತಿ ಯಂತ್ರವೂ ನೋಂದಣಿಯಾಗಬೇಕು. ಆಗಲೇಬೇಕು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾದ ಮೇಲೂ ಈ ಕಾಯ್ದೆ ಸಡಿಲಿಸಿ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಆದರೆ ಕಾಯ್ದೆ ಓದಿ ನೋಡಿ. ಒಳರೋಗಿಗಳಿಗೆ ಚಿಕಿತ್ಸೆ ಕೊಡುವ, ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ ಪೋರ್ಟಬಲ್ ಯಂತ್ರಕ್ಕೆ 2012ರ ನಿಯಮವೇ ಅವಕಾಶ ಕೊಟ್ಟಿದೆ. ಆರು ತಿಂಗಳ ತರಬೇತಿ ಪಡೆದು ಪರೀಕ್ಷೆ ಪಾಸಾದ ಎಂಬಿಬಿಎಸ್ ವೈದ್ಯರೂ ಸ್ಕ್ಯಾನ್ ಮಾಡಬಹುದು ಅಂತ 2014ರ ನಿಯಮ ಹೇಳುತ್ತದೆ. ಬಾಗಿಲು ತೆರೆದೇ ಇದೆ; ಒಳಗೆ ಕಾಲಿಡೋರು ಬೇಕು.

ಇನ್ನೊಂದು ಆಕ್ಷೇಪ: ‘ತಪ್ಪು ನೋಡಿದರೆ?’ ನಿಜ. ಪರೀಕ್ಷೆಯಲ್ಲಿ ರಕ್ತ ಕಾಣಲಿಲ್ಲ ಅಂದರೆ ಪೆಟ್ಟೇ ಇಲ್ಲ ಅಂತಲ್ಲ. ಕರುಳು ಹರಿದಿದ್ದು ತಪ್ಪಿಸಿಕೊಳ್ಳಬಹುದು. ಮತ್ತೆ ಮತ್ತೆ ನೋಡಬೇಕು, ಬೇಕಾದರೆ ಸಿ.ಟಿ. ಮಾಡಿಸಬೇಕು. ಅದು ತರಬೇತಿಗೆ ಕಾರಣವೇ ಹೊರತು ಯಂತ್ರಕ್ಕೆ ಬೀಗ ಹಾಕೋಕೆ ಅಲ್ಲ.

ಈಗ ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜಿಲ್ಲೆಯ ಪ್ರತಿ ತಾಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಒಂದು ನೋಂದಾಯಿತ ಯಂತ್ರ, ಪ್ರತಿ ಪಾಳಿಗೆ ತರಬೇತಿ ಪಡೆದ ಒಬ್ಬ ವೈದ್ಯ, ಪ್ರತಿ ಸ್ಕ್ಯಾನಿಗೂ ದಾಖಲೆ. ಇಷ್ಟೇ ಬೇಡಿಕೆ. ಬೆಂಗಳೂರಿನಲ್ಲಿ ಕೂತು ಇನ್ಶೂರೆನ್ಸ್ ಕಾರ್ಡು ಜೇಬಲ್ಲಿಟ್ಟುಕೊಂಡು ನಿಶ್ಚಿಂತೆಯಿಂದಿರೋ ನಾವು ಇದನ್ನು ನಮ್ಮ ಶಾಸಕರಿಗೆ ಕೇಳಬೇಕು. ಯಾಕಂದರೆ ಅಪ್ಪ, ಅವ್ವ ಇನ್ನೂ ಊರಲ್ಲೇ ಇದ್ದಾರೆ.