ಕಷ್ಟಕ್ಕೆ ಡಿಸೆಂಬರ್ ಗೊತ್ತಿಲ್ಲ

ಕ್ರಿಸ್‌ಮಸ್‌ಗೆ ಕಂಬಳಿ ಹಂಚುವುದು ಒಳ್ಳೆಯದೇ. ಆದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದರೆ ತೋಟದ ಕೂಲಿ ಕುಗ್ಗುತ್ತದೆ, ಮಳೆ ಹಿಡಿದರೆ ಮಾಲೂರಿನ ಇಟ್ಟಿಗೆ ಗೂಡುಗಳು ತಣ್ಣಗಾಗುತ್ತವೆ. ಮುಳಬಾಗಿಲಿನ ಕೊಳವೆಬಾವಿಗಳ ಫ್ಲೋರೈಡ್ ಹಬ್ಬ ನೋಡಿ ಬರುವುದಿಲ್ಲ. ನೆರವು ವರ್ಷವಿಡೀ ಬೇಕೆಂಬುದು ಕೋಲಾರದ ಕ್ರೈಸ್ತರಿಗೆ ಹೊಸ ಪಾಠವೇನಲ್ಲ. 1876-78ರ ಭೀಕರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಇಲ್ಲಿ ಮಿಷನರಿ ಲೂಯಿಸಾ ಆನ್‌ಸ್ಟಿ ಸಾಕಿದರು. ಬರ ಹೋದರೂ ಮಕ್ಕಳು ಉಳಿದರು; ಅವರಿಗೆ ದಿನವೂ ಊಟ, ಓದು ಬೇಕಿತ್ತು. ಮೆಥೋಡಿಸ್ಟ್ ಮಿಷನ್ 1910ರಲ್ಲಿ ಶುರುಮಾಡಿದ ಇಟಿಸಿಎಂ ಆಸ್ಪತ್ರೆಯದೂ ವರ್ಷವಿಡೀ ಬಾಗಿಲು ತೆರೆದಿಡುವ ಸೇವೆಯೇ. ಯೇಸು ಹೇಳಿದ ಕಥೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಛತ್ರದವನಿಗೆ ಹಣ ಕೊಟ್ಟು, ಮತ್ತೆ ಬಂದು ಬಾಕಿ ತೀರಿಸುವೆ ಎಂದ.

ಇದೆಲ್ಲ ಮತಾಂತರದ ದಾರಿ ಎಂಬ ಸಂದೇಹ ಉಂಟು, ಅದನ್ನು ತಳ್ಳಿಹಾಕಬಾರದು. ಪ್ರಾರ್ಥನೆಗೆ ಬಾ ಎಂಬ ಷರತ್ತಿನೊಂದಿಗೆ ಕೊಟ್ಟ ಅಕ್ಕಿ ಸೇವೆಯಲ್ಲ, ವ್ಯಾಪಾರ. ಜಾತಿ-ಧರ್ಮ ಕೇಳದೆ, ಲೆಕ್ಕ ಬಚ್ಚಿಡದೆ ಕೊಡುವುದೇ ಇದಕ್ಕೆ ಉತ್ತರ. ಸರ್ಕಾರ ಪಡಿತರ ಕೊಡುತ್ತದಲ್ಲ ಎನ್ನುವವರೂ ಇದ್ದಾರೆ. ಕೊಡುತ್ತದೆ, ನಿಜ, ಆದರೆ ಡಯಾಲಿಸಿಸ್‌ಗೆ ಹೋಗುವ ಅಜ್ಜಿಯ ಜೊತೆ ಬಸ್ಸು ಹತ್ತುವವರು ಯಾರು? ಆದ್ದರಿಂದ ಪ್ರತಿ ಕ್ರೈಸ್ತ ಸಭೆಯೂ ಡಿಸೆಂಬರ್ ಖರ್ಚನ್ನು ಹನ್ನೆರಡು ಪಾಲು ಮಾಡಿ, ಮೊದಲ ಪಾಲನ್ನು ಈ ತಿಂಗಳೇ ತೆಗೆದಿಡಲಿ.