ಮಾವನ ಸಿ.ಡಿ. ಮತ್ತು 'ಬಿಟ್ಟಿ' ತಂತ್ರಾಂಶ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಸೋಮಾರಿತನ ಒಂದು ಕಾರಣ, ಈ ಕೆಳಗಿನ ಕಥೆ ಇನ್ನೊಂದು.

ಕಳೆದ ದೀಪಾವಳಿಗೆ ತೀರ್ಥಹಳ್ಳಿಗೆ ಹೋಗಿದ್ದೆ. ಅಲ್ಲಿ ನಮ್ಮ ಸೋದರಮಾವ ಇದ್ದಾರೆ, ವಯಸ್ಸು 78. 1996ರಿಂದ ಹತ್ತು ಹನ್ನೆರಡು ವರ್ಷ ಪುಟ್ಟದೊಂದು ಡಿಟಿಪಿ ಸೆಂಟರ್ ನಡೆಸಿದವರು. ಮದುವೆ ಕರೆಯೋಲೆ, ಬಿಲ್ ಪುಸ್ತಕ, ಸಹಕಾರ ಸಂಘದ ವಾರ್ಷಿಕ ವರದಿ, ಇಷ್ಟೇ ಅವರ ವ್ಯಾಪಾರ. ಆದರೆ ಸಂಜೆ ಬಾಗಿಲು ಎಳೆದ ಮೇಲೆ ಒಬ್ಬರೇ ಕೂತು, ಸುತ್ತಲ ಹಳ್ಳಿಗಳ ಅಜ್ಜಿಯರಿಂದ ಬರೆದುಕೊಂಡು ಬಂದ ಸೋಬಾನೆ ಪದಗಳನ್ನು ಟೈಪ್ ಮಾಡಿಡುತ್ತಿದ್ದರು. ಪುಸ್ತಕ ಮಾಡಬೇಕು ಅಂತ ಆಸೆ. ಆಗಲಿಲ್ಲ. ಬರೆದುಕೊಂಡ ನೋಟ್ ಪುಸ್ತಕಗಳನ್ನು ಗೆದ್ದಲು ತಿಂದಿತು. ಹಾಡಿದವರಲ್ಲಿ ಈಗ ಯಾರೂ ಇಲ್ಲ. ಉಳಿದದ್ದು ಒಂದು ಸಿ.ಡಿ. ಮತ್ತು ಎಂಟು ಫ್ಲಾಪಿ.

"ನೀ ಸಾಫ್ಟ್‌ವೇರ್‌ನವ ಅಲ್ವನಾ, ಇದನ್ನೊಂದು ತೆಗೆದು ಕೊಡು ಮಾರಾಯ" ಅಂದರು. ಅರ್ಧ ಗಂಟೆ ಕೆಲಸ ಅಂದುಕೊಂಡು ಬ್ಯಾಗಿಗೆ ಹಾಕಿಕೊಂಡೆ. (ನಗಬೇಡಿ.)

ಮಾವ ಬಳಸುತ್ತಿದ್ದ ಪ್ಯಾಕೇಜನ್ನು ಮಾಡಿದ ಕಂಪನಿ ಯಾವತ್ತೋ ಮುಚ್ಚಿದೆ. ಅದರ ಜೊತೆ ಒಂದು 'ಲಾಕ್' ಬರುತ್ತಿತ್ತು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಅದು ಇಲ್ಲದಿದ್ದರೆ ಪ್ರೋಗ್ರಾಂ ತೆರೆಯುವುದೇ ಇಲ್ಲ. ಮಾವನ ಲಾಕ್ 2008ರ ಸಿಡಿಲಿಗೆ ಸುಟ್ಟುಹೋಗಿದೆ. ನನ್ನ ಲ್ಯಾಪ್‌ಟಾಪಿನೊಳಗೊಂದು ಹಳೇ ವಿಂಡೋಸ್ ಎಬ್ಬಿಸಿ ಪ್ರೋಗ್ರಾಂ ಹಾಕಿದರೆ, ಲಾಕ್ ಇಲ್ಲ ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಆ ಕಾಲದಲ್ಲಿ ಊರಲ್ಲಿ ಎಲ್ಲರೂ ಕದ್ದ ಪ್ರತಿ ಹಾಕಿಕೊಂಡಿದ್ದಾಗ, ದುಡ್ಡು ಕೊಟ್ಟು ರಸೀದಿ ಸಮೇತ ತಂದಿಟ್ಟುಕೊಂಡವರು ಇವರು. ಕಡೆಗೆ ಆ ಬೀಗ ಹೊರಗಿಟ್ಟಿದ್ದು ಯಾರನ್ನು? ಕಳ್ಳರನ್ನಲ್ಲ, ರಸೀದಿ ಇದ್ದವರನ್ನು.

ನನಗೆ ಮುಕ್ತ ತಂತ್ರಾಂಶದ ಹುಚ್ಚು ಹಳೆಯದು. ಉಬುಂಟುವಿನವರು ಬಿಟ್ಟಿಯಾಗಿ ಅಂಚೆಯಲ್ಲಿ ಸಿ.ಡಿ. ಕಳಿಸುತ್ತಿದ್ದರಲ್ಲ (2011ರಲ್ಲಿ ನಿಲ್ಲಿಸಿದರು), ಆ ಲಕೋಟೆ ಕೈಗೆ ಬಂದ ದಿನದಿಂದ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಸಾರಿದ್ದು, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಹೆಲ್ಸಿಂಕಿಯಲ್ಲಿ ಕೂತು ಲಿನಕ್ಸ್ ಶುರು ಮಾಡಿದ್ದು, ಎಲ್ಲ ಪುರಾಣದ ಥರ ಬಾಯಿಪಾಠ. ಸ್ಟಾಲ್ಮನ್ ಹೇಳುವ ನಾಲ್ಕು ಸ್ವಾತಂತ್ರ್ಯಗಳೂ ಅಷ್ಟೇ: ಬೇಕಾದ್ದಕ್ಕೆ ಬಳಸುವುದು, ಒಳಗೆ ಹೇಗಿದೆ ಅಂತ ನೋಡಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನೂ ಹಂಚುವುದು. (ಸೊನ್ನೆಯಿಂದ ಎಣಿಸುತ್ತಾರೆ, ಪ್ರೋಗ್ರಾಮರ್‌ಗಳ ಬುದ್ಧಿ!) ಆದರೆ ಇದನ್ನೆಲ್ಲ ನಾನು ಕಾಫಿ ಕುಡಿಯುತ್ತಾ ವಾದಕ್ಕೆ ಬಳಸಿದ್ದೇ ಹೆಚ್ಚು. ಎರಡನೆಯದು ನಿಜವಾಗಿ ಯಾಕೆ ಬೇಕು ಅಂತ ಗೊತ್ತಾಗಿದ್ದು ಮಾವನ ಸಿ.ಡಿ. ಕೈಗೆ ಬಂದಾಗ.

ಯೂನಿಕೋಡ್ ಬರುವ ಮುಂಚೆ ಕನ್ನಡ ಟೈಪ್ ಮಾಡಿದವರಿಗೆ ಇದು ನೆನಪಿರುತ್ತದೆ. ಆಗ ಇಂಥ ಡಿಟಿಪಿ ಫಾಂಟುಗಳಲ್ಲಿ ಕಂಪ್ಯೂಟರಿನ ಪಾಲಿಗೆ ಕನ್ನಡ ಅಕ್ಷರ ಅಂತ ಒಂದು ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುವುದು, ಅಷ್ಟೇ. ನುಡಿಯ ಹಳೇ ಫಾಂಟಿನಲ್ಲಿ 'ಕ' ಅಂದರೆ ಕಡತದೊಳಗೆ ಇರುವುದು ದೊಡ್ಡ 'ಪಿ', ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರುವ 'ಎ'. 'ನ'ದ ಜಾಗದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ! 'ಕರ್ನಾಟಕ' ಅಂತ ಬರೆದರೆ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ 'ನಾ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ 'ನಾ'ಗಿಂತ ಮುಂಚೆ. ಹಾಗಾಗಿ ಒಂದೊಂದೇ ಅಕ್ಷರ ಬದಲಿಸಿಬಿಟ್ಟರೆ ಸಾಲದು, ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ನುಡಿಯ ಈ ಗುಟ್ಟು ಎಲ್ಲರಿಗೂ ಗೊತ್ತಿದ್ದರಿಂದ ಯಾರ್ಯಾರೋ ಪರಿವರ್ತಕ ಬರೆದು ಹಂಚಿದರು, ಲಕ್ಷಾಂತರ ಪುಟ ಉಳಿಯಿತು. ಮಾವನ ಪ್ಯಾಕೇಜಿನ ಗುಟ್ಟು ಕಂಪನಿಯ ಜೊತೆಗೇ ಮಣ್ಣಾಗಿತ್ತು.

ಕೈ ಹಿಡಿದದ್ದು ಫಾಂಟ್‌ಫೋರ್ಜ್. ಜಾರ್ಜ್ ವಿಲಿಯಮ್ಸ್ ಎಂಬಾತ ಶುರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ಫಾಂಟ್ ತಿದ್ದುವ ಪ್ರೋಗ್ರಾಂ. ಸಿ.ಡಿ.ಯಲ್ಲಿದ್ದ ಫಾಂಟನ್ನು ಅದರಲ್ಲಿ ತೆರೆದರೆ ಯಾವ ಮನೆಯಲ್ಲಿ ಯಾವ ಚಿತ್ರ ಅಂತ ಚೌಕಾಬಾರದ ಮನೆಗಳ ಹಾಗೆ ಕಂಡಿತು. ಇಲ್ಲಿ ಬರೀ ತಲೆಕಟ್ಟು, ಅಲ್ಲಿ ಒಂದು ಕೊಂಬು, ಇನ್ನೆಲ್ಲೋ 'ಮ'ದ ಬಾಲ. ಇರುವುದು 256 ಮನೆ, ಕನ್ನಡದ ಒತ್ತು, ಗುಣಿತ ಎಲ್ಲ ಅದರಲ್ಲೇ ಹಿಡಿಸಬೇಕು. ಹಾಗಾಗಿ ಅಕ್ಷರಗಳನ್ನು ತುಂಡು ತುಂಡು ಮಾಡಿಟ್ಟಿದ್ದರು. ಮೂರು ವಾರ ರಾತ್ರಿ ಕೂತು ಪಟ್ಟಿ ಮಾಡಿದೆ, ಪೈಥಾನ್‌ನಲ್ಲಿ ಪರಿವರ್ತಕ ಬರೆದೆ. ಹೊರಬಂದದ್ದನ್ನು ಲಿಬ್ರೆಆಫೀಸಿನಲ್ಲಿ ಲೋಹಿತ್ ಫಾಂಟು ಹಾಕಿ ತೆರೆದಾಗ ಮೊದಲ ಪದದ ಮೊದಲ ಸಾಲು ಸರಿಯಾಗಿ ಕಂಡಿತು. ರಾತ್ರಿ ಎರಡು ಗಂಟೆ. ಮಲಗಿದ್ದವಳನ್ನು ಎಬ್ಬಿಸಿ ತೋರಿಸಿದೆ. ಬೈಸಿಕೊಂಡೆ :)

ಒಟ್ಟು 212 ಪದ ಸಿಕ್ಕವು. ಮೂರು ಫ್ಲಾಪಿಗೆ ಬೂಸ್ಟು ಹಿಡಿದಿತ್ತು, ಅದರಲ್ಲಿದ್ದದ್ದು ಹೋಯಿತು. ಅದಕ್ಕೆ ಯಾವ ಸ್ವಾತಂತ್ರ್ಯವೂ ಔಷಧಿ ಅಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಂಗ್ಲಿಷಿನಲ್ಲಿ 'ಫ್ರೀ' ಅನ್ನುವ ಒಂದೇ ಪದಕ್ಕೆ ಬಿಟ್ಟಿ ಅಂತಲೂ ಅರ್ಥ, ಸ್ವತಂತ್ರ ಅಂತಲೂ ಅರ್ಥ. ಪಾಪ, ಅವರು ಇಷ್ಟು ವರ್ಷದಿಂದ ಅದನ್ನು ಬಿಡಿಸಿ ಹೇಳುತ್ತಲೇ ಇದ್ದಾರೆ. ನಮಗೇನು ಬಂದಿದೆ? ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇವೆ. ಆದರೂ ಪತ್ರಿಕೆಗಳಲ್ಲಿ 'ಉಚಿತ ತಂತ್ರಾಂಶ' ಅಂತಲೇ ಬರುತ್ತದೆ. ('ಉಚಿತ' ಅಂದರೆ ಮೂಲದಲ್ಲಿ 'ಯೋಗ್ಯ', ಆ ಅರ್ಥದಲ್ಲಾದರೆ ನನ್ನ ತಕರಾರಿಲ್ಲ.) 1998ರಲ್ಲಿ ಶೇಷಾದ್ರಿ ವಾಸು ಅವರು 'ಬರಹ' ಕೊಟ್ಟಾಗ ಅದು ಪುಕ್ಕಟೆ ಸಿಕ್ಕಿತು. ನನ್ನ ಹಾಗೆ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಕಲಿತಿದ್ದೇ ಅದರಿಂದ, ಆ ಋಣ ದೊಡ್ಡದು. ಆದರೆ ಅದರ ಸೋರ್ಸ್ ಕೋಡ್ ನಮಗೆ ಸಿಕ್ಕಿರಲಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಇಂಗ್ಲಿಷಿನವನಿಗೆ ಒಂದು ಕಂಪನಿ ಮುಚ್ಚಿದರೆ ಹತ್ತು ಬರುತ್ತವೆ, ಮಾರುಕಟ್ಟೆ ಇದೆ. ಕನ್ನಡದಂಥ ಭಾಷೆಗೆ ಒಂದು ಮುಚ್ಚಿದರೆ ಮುಚ್ಚಿದ್ದೇ. ಅದಕ್ಕೇ ಈ ಸ್ವಾತಂತ್ರ್ಯದ ಗರಜು ಅವರಿಗಿಂತ ನಮಗೇ ಜಾಸ್ತಿ ಅನ್ನುತ್ತೇನೆ.

ಪಕ್ಕದ ಕೇರಳ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಲಿನಕ್ಸಿನಲ್ಲಿ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅನ್ನುವ ಬಳಗ ಮೀರಾ, ರಚನಾ, ಮಂಜರಿಯಂಥ ಫಾಂಟುಗಳನ್ನು ಯಾರು ಬೇಕಾದರೂ ತಿದ್ದುವ ಹಾಗೆ ಇಟ್ಟಿದೆ. ನಮ್ಮಲ್ಲೂ ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಅಂತ ಮುಕ್ತ ಫಾಂಟುಗಳು ಬಂದವು. ಮಾಡಿದವರನ್ನು ನಾವು ಎಷ್ಟು ಜನ ನೆನೆಸಿದೆವು? ನಾನಂತೂ ಇಲ್ಲ.

"ಸೋರ್ಸ್ ಕೋಡ್ ಕೊಟ್ರೆ ಯಾರ್ ಓದ್ತಾರ್ರೀ?" ಅಂತ ನಮ್ಮ ಆಫೀಸಿನವರೊಬ್ಬರು ಯಾವಾಗಲೂ ಕೇಳುತ್ತಾರೆ. ಪಹಣಿಯನ್ನು ದಿನಾ ಯಾರು ಓದುತ್ತಾರೆ? ಜಮೀನಿನ ತಕರಾರು ಬಂದ ದಿನ ಸಿಗಬೇಕು, ಅಷ್ಟೇ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಹೋಗಿ, ಎಕ್ಸ್‌ಝಡ್ ಅನ್ನುವ ಪುಟ್ಟ ತಂತ್ರಾಂಶದೊಳಗೆ ಯಾರೋ ಬಚ್ಚಿಟ್ಟಿದ್ದ ಕಳ್ಳಬಾಗಿಲನ್ನು ಹಿಡಿದರು. ಮುಚ್ಚಿದ ಡಬ್ಬಿಯಾಗಿದ್ದರೆ ಹಿಡಿಯುವುದು ಎಲ್ಲಿಂದ? ಆದರೆ ಅದೇ ಕಥೆಗೆ ಇನ್ನೊಂದು ಮುಖ ಇದೆ, ನಮ್ಮಂಥ ಉತ್ಸಾಹಿಗಳು ಅದನ್ನು ಹೇಳುವುದಿಲ್ಲ. ಜಗತ್ತೇ ಬಳಸುವ ಆ ತಂತ್ರಾಂಶವನ್ನು ವರ್ಷಗಟ್ಟಲೆ ನೋಡಿಕೊಂಡಿದ್ದದ್ದು ಹೆಚ್ಚುಕಮ್ಮಿ ಒಬ್ಬನೇ ಮನುಷ್ಯ, ಸಂಬಳವಿಲ್ಲದೆ. ಅವನು ದಣಿದಾಗ ಕೈಜೋಡಿಸುವ ನೆಪದಲ್ಲಿ ಬಂದವನೇ ಕಳ್ಳ. ಬೇರೆಯವರು ಬರೆದದ್ದನ್ನು ಹದಿನೈದು ವರ್ಷ ಬಳಸಿ, ಭಾಷಣ ಬಿಗಿದು, ಒಂದು ಸಾಲೂ ವಾಪಸ್ ಕೊಡದವನು ನಾನು. ಅವನು ದಣಿದದ್ದರಲ್ಲಿ ನನ್ನಂಥವರ ಪಾಲೂ ಇದೆ.

ಮಾವನಿಗೆ ಇದೆಲ್ಲ ಹೇಳಿದೆ. "ಮತ್ತೆ ಆ ಫಾಂಟಿನ ಪ್ರೋಗ್ರಾಂ ಮಾಡಿದವನಿಗೆ ಎಂಥ ಸಿಕ್ತು?" ಅಂತ ಕೇಳಿದರು. ಲಿನಕ್ಸಿನಂಥ ದೊಡ್ಡದಕ್ಕೆ ಕಂಪನಿಗಳೇ ಸಂಬಳ ಕೊಟ್ಟು ಜನ ಇಡುತ್ತವೆ, ಇಂಥ ಸಣ್ಣವಕ್ಕೆ ಹೆಚ್ಚಾಗಿ ಯಾರೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಯರಿಗೂ ನಾ ಏನೂ ಕೊಟ್ಟಿಲ್ಲ ಬಿಡು, ಕವಳದ ದುಡ್ಡು ಕೊಟ್ಟಿದ್ದೆ" ಅಂದರು.

ನನ್ನ ಪರಿವರ್ತಕವನ್ನು ಜಿಪಿಎಲ್ ಅಡಿಯಲ್ಲಿ ಹೊರಗಿಡುತ್ತಿದ್ದೇನೆ, ಮೊದಲ ಸಲ. ನಿಮ್ಮ ಮನೆ ಅಟ್ಟದ ಮೇಲೂ ಇಂಥ ಹಳೇ ಡಿಟಿಪಿ ಕಡತ ಇದ್ದರೆ, ಫಾಂಟ್ ಸಮೇತ ಇದ್ದರೆ, ಹೇಳಿ. ಪಟ್ಟಿ ಮಾಡೋದು ಹೇಗೆ ಅಂತ ತೋರಿಸಿಕೊಡುತ್ತೇನೆ, ಕೂರೋದು ನೀವು. ಕೆಲಸ ಪೂರ್ತಿ ಆಗಿದೆ ಅಂತ ಮಾತ್ರ ತಿಳಿಯಬೇಡಿ. ಮಾವ ಪ್ರಿಂಟ್ ತೆಗೆಸಿಕೊಂಡು ಕೆಂಪು ಪೆನ್ನಲ್ಲಿ ತಿದ್ದಿ ಕಳಿಸುತ್ತಿದ್ದಾರೆ. ಮೂರನೇ ಕಂತು ನಿನ್ನೆ ಅಂಚೆಯಲ್ಲಿ ಬಂತು. 61ನೇ ಪದದಲ್ಲಿ ಅರ್ಕಾವತ್ತು ಮತ್ತೆ ಜಾರಿದೆಯಂತೆ.